ಎಡ್ನಾ ಪಿಲ್ಲಿಂಗ್ ಒಂಬತ್ತನೇ ಮನೆಗೆ ಬಂದ ಬಗೆ

ಡೊರೀನ್ ನಟಾಲ್ ಮೇಡಂ ಊರಿನ ಮನೆಗಳ ಮೇಲೆ ಪುಸ್ತಕ ಬರೆಯುತ್ತಾಳಂತೆ, ಒಂದೊಂದು ಮನೆಯ ಬಾಗಿಲ ಪಕ್ಕದಲ್ಲೂ ಅಲ್ಲಿ ಬಾಳಿದವರ ಹೆಸರು ಕೆತ್ತಿದ ಕಲ್ಲು ಹಾಕಿಸುತ್ತಾಳಂತೆ ಎಂಬ ಸುದ್ದಿ ಹಬ್ಬಿದಾಗ ರೇಕ್‌ಬ್ರೂಕಿನಲ್ಲಿ ಎಲ್ಲರಿಗೂ ಖುಷಿಯಾಯಿತು. ಎಡ್ನಾ ಪಿಲ್ಲಿಂಗಳಿಗೆ ಮಾತ್ರ ದಿಗಿಲಾಯಿತು. ಆದರೂ ಭಾನುವಾರ ಚಾಪೆಲಿನ ಮೆಟ್ಟಿಲ ಮೇಲೆ ಉಳಿದವರ ಜೊತೆ ನಿಂತು, "ಒಳ್ಳೇ ಕೆಲಸ ಬಿಡಿ, ಯಾರಾದ್ರೂ ಮಾಡಬೇಕಿತ್ತು" ಎಂದಳು. ಎಪ್ಪತ್ತಮೂರು ವರ್ಷದ ಹೆಂಗಸು. ಹೀಗೆ ಮುಖ ಒಂದು ಕಡೆ, ಮನಸ್ಸು ಒಂದು ಕಡೆ ಇಟ್ಟುಕೊಳ್ಳುವುದನ್ನು ಇಪ್ಪತ್ತನೆಯ ವಯಸ್ಸಿಗೇ ರೂಢಿ ಮಾಡಿಕೊಂಡಿದ್ದಳು.

ಮಿಲ್ಲು ಮುಚ್ಚಿ ಆಗ ಆರು ವರ್ಷ. ಚಿಮಣಿಯನ್ನು ಕೆಡವಿ ಆಗಿತ್ತು. ನೇಯ್ಗೆಯ ಷೆಡ್ಡು ಮಾತ್ರ ಗರಗಸದ ಹಲ್ಲಿನಂಥ ಮಾಡು ಹೊತ್ತುಕೊಂಡು ಹಾಗೇ ನಿಂತಿತ್ತು, ಒಳಗೆ ಪಾರಿವಾಳಗಳು. ಮಿಲ್ಲಿನ ಉಗಿಗೆ ನೀರು ಕೊಡುತ್ತಿದ್ದ ಕೆರೆಯಲ್ಲಿ ಈಗ ಪಟ್ಟಣದವರು ಬಂದು ಗಾಳ ಹಾಕಿಕೊಂಡು ಕೂರುತ್ತಿದ್ದರು. ಈ ಊರನ್ನು ಗ್ರಿಮ್‌ಶಾ ಧಣಿಗಳು ಕಟ್ಟಿದರು ಎಂದು ಹಳಬರು ಈಗಲೂ ಹೇಳುತ್ತಾರೆ, ಧಣಿಗಳೇ ತಲೆಯ ಮೇಲೆ ಕಲ್ಲು ಹೊತ್ತವರ ಹಾಗೆ. ಕಟ್ಟಿಸಿದ್ದು ನಿಜ. ಮೊದಲು ಮಿಲ್ಲು, ಆಮೇಲೆ ಮಿಲ್ಲಿನವರನ್ನು ತುಂಬಲು ಗುಡ್ಡದ ಮೈಗೆ ಮೂರು ಸಾಲು ಮನೆ, ಆಮೇಲೆ ಚಾಪೆಲು, ಶಾಲೆ. ಎಲ್ಲಕ್ಕಿಂತ ಮೇಲೆ ಮ್ಯಾನೇಜರನ ಮನೆ. ಅಲ್ಲಿಂದ ನೋಡಿದರೆ ಬೆಳಿಗ್ಗೆ ಯಾರ ಮನೆಯಲ್ಲಿ ಹೊಗೆ ತಡವಾಗಿ ಎದ್ದಿತು ಎಂಬುದು ಕೂಡ ಕಾಣುತ್ತಿತ್ತು. ಅದನ್ನು ಅಲ್ಲಿ ಕಟ್ಟಿಸಿದ್ದೂ ಅದಕ್ಕೇ ಇರಬೇಕು.

ಮೇಲುಸಾಲಿನ ಮನೆಗಳಿಗೆ ಎರಡು ಮಹಡಿ, ಮುಂದೆ ಬಿಸಿಲು. ಕೆಳಸಾಲಿನವು ಮನೆಯ ಕೆಳಗಿನ ಮನೆಗಳು: ಮೇಲೆ ಒಂದು ಸಂಸಾರ, ಅವರ ನೆಲದಡಿಯಲ್ಲಿ ಇನ್ನೊಂದು. ಕೆಳಗಿನವರಿಗೆ ಹಿತ್ತಿಲ ಬಾಗಿಲಿಲ್ಲ, ಹಿಂದಿನ ಗೋಡೆಯೆಂದರೆ ಗುಡ್ಡವೇ. ಅದು ವರ್ಷವಿಡೀ ಬೆವರುತ್ತಿತ್ತು. ಎಡ್ನಾ ಹುಟ್ಟಿದ್ದು ಅಂಥ ಮನೆಯಲ್ಲಿ. ಅಪ್ಪ, ಅಮ್ಮ, ಇಬ್ಬರು ಅಣ್ಣಂದಿರು, ತಂಗಿ ಸಾಲಿ, ಅವಳು, ಎಲ್ಲ ಸೇರಿ ಎರಡೇ ಕೋಣೆ. ಸಾಲಿಗೆ ಸೆಪ್ಟೆಂಬರಿನಲ್ಲಿ ಹಿಡಿದ ಕೆಮ್ಮು ಮೇ ತಿಂಗಳವರೆಗೆ ಬಿಡುತ್ತಿರಲಿಲ್ಲ.

ಡೊರೀನ್ ಮಂಗಳವಾರ ಸಂಜೆ ಶಾಲೆ ಮುಗಿಸಿ, ನೋಟುಪುಸ್ತಕ ಹಿಡಿದು ಮೇಲುಸಾಲಿನ ಒಂಬತ್ತನೇ ನಂಬರಿನ ಬಾಗಿಲು ತಟ್ಟಿದಳು. ನಲವತ್ತೆಂಟರ ಗಟ್ಟಿಮುಟ್ಟಾದ ಹೆಂಗಸು, ಊರಿನ ಶಾಲೆಗೆ ಅವಳೊಬ್ಬಳೇ ಟೀಚರು. ಅವಳ ಅಮ್ಮ ಮಾರ್ತಾ ಎಡ್ನಾಳ ಜೊತೆ ಒಂದೇ ಷೆಡ್ಡಿನಲ್ಲಿ ನೇಯ್ದವಳು, ತೀರಿಹೋಗಿ ಎರಡು ವರ್ಷವಾಗಿತ್ತು. ಎಡ್ನಾ ಚಹಾ ಬಗ್ಗಿಸಿ, ಓಟ್ಸ್ ಹಿಟ್ಟಿನ ಬೆಲ್ಲದ ಕೇಕು ಕತ್ತರಿಸಿ ಮುಂದಿಟ್ಟಳು.

"ಎಡ್ನಾ ಆಂಟಿ, ಈ ಮನೆಗೆ ನೀವು ಬಂದದ್ದು ಯಾವಾಗ?"

"ಮೂವತ್ತೊಂದನೇ ಇಸವಿ, ನವೆಂಬರು."

"ಅದಕ್ಕೆ ಮುಂಚೆ ಬಾರ್‌ಕ್ರಾಫ್ಟ್ ಅವರು ಅಲ್ವಾ? ಅವರು ಯಾಕೆ ಬಿಟ್ಟರು ಅಂತ ಒಂದು ಸಾಲು ಬರೀಬೇಕು."

"ವಾಲ್ಟರ್ ಮಾವನಿಗೆ ಕಣ್ಣು ಹೋಯ್ತು. ಕೆಲಸ ಹೋಯ್ತು. ಮನೇನೂ ಹೋಯ್ತು." ಎಡ್ನಾ ಸಕ್ಕರೆ ಬಟ್ಟಲನ್ನು ಆಚೆ ಸರಿಸಿದಳು, ಮತ್ತೆ ಈಚೆ ಸರಿಸಿದಳು. "ಇನ್ನೊಂದು ಚೂರು ತಗೋ."

ಡೊರೀನ್ ತೆಗೆದುಕೊಳ್ಳಲಿಲ್ಲ. "ಅಮ್ಮನ ಮೇಲೆ ಗೂಬೆ ಕೂರಿಸಿದ್ರಲ್ಲ ಆಗ. ಇವಳೇ ಮ್ಯಾನೇಜರಿಗೆ ಚಾಡಿ ಹೇಳಿದ್ದು ಅಂತ. ನಂಗೆ ಅದನ್ನ ಪುಸ್ತಕದಲ್ಲಿ ಹಾಕೋಕೆ ಮನಸ್ಸಿಲ್ಲ ಆಂಟಿ. ಯಾರು ಹೇಳಿದ್ದು ಅಂತ ಈಗ ಯಾರಿಗೆ ಗೊತ್ತಾಗುತ್ತೆ? ಆದ್ರೆ ನೀವು ಮಾಡಿದ್ದನ್ನ ಹಾಕ್ತೀನಿ." ಅವಳ ಕಣ್ಣು ತುಂಬಿಬಂತು. "ಅಮ್ಮ ಸಾಯೋ ವಾರವೂ ಹೇಳಿದ್ಲು, ಇಡೀ ಷೆಡ್ಡು ಬೆನ್ನು ತಿರುಗಿಸಿದಾಗ ನಂಗೆ ಮುಖ ಕೊಟ್ಟವಳು ಎಡ್ನಾ ಒಬ್ಬಳೇ ಅಂತ. ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರು ಹಾಕಿದೀನಿ. ಬೆನ್ನು ತಿರುಗಿಸದ ಎಡ್ನಾ ಪಿಲ್ಲಿಂಗಳಿಗೆ ಅರ್ಪಣೆ. ಶನಿವಾರ ಮೊದಲನೇ ಕಲ್ಲಿನ ಮೇಲಿನ ಬಟ್ಟೆ ನೀವೇ ಎಳೀಬೇಕು. ಬೇಡ ಅನ್ನಬೇಡಿ."

ಎಡ್ನಾ ಬೇಡ ಅನ್ನಲಿಲ್ಲ. ಅನ್ನಬೇಕಾದದ್ದು ಇನ್ನೂ ಬೇಕಾದಷ್ಟಿತ್ತು, ಅದನ್ನೂ ಅನ್ನಲಿಲ್ಲ. ಡೊರೀನಳ ಕೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ನಿನ್ನಮ್ಮ ಒಳ್ಳೆಯವಳು ಮಗಾ" ಎಂದಷ್ಟೇ ಹೇಳಿದಳು. ಡೊರೀನ್ ಹೋದ ಮೇಲೆ ಬಾಗಿಲು ಹಾಕಿ, ಅದೇ ಬಾಗಿಲಿಗೆ ಒರಗಿ ನಿಂತಳು. ನಾಚಿಕೆಯಿಂದ ಕಿವಿಯ ಹಿಂದೆಲ್ಲ ಬಿಸಿಯಾಗಿತ್ತು.

ಷೆಡ್ಡಿನ ಸದ್ದು ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದಿಲ್ಲ. ನಾನೂರು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಯಲ್ಲಿ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಹಾಗೆಂದು ಹೆಂಗಸರು ಹತ್ತು ಗಂಟೆ ಮಾತಿಲ್ಲದೆ ಇರುತ್ತಾರೆಯೇ? ಸದ್ದು ಹೊರಡಿಸದೆ, ತುಟಿಯನ್ನು ಅಗಲಿಸಿ, ಹಿಗ್ಗಿಸಿ, ಮಾತಿಗೆ ಮೂತಿಯಿಂದಲೇ ಆಕಾರ ಕೊಟ್ಟು ಆಡುತ್ತಿದ್ದರು. ಇಪ್ಪತ್ತು ಮಾರು ದೂರದವಳಿಗೂ ಅದು ಸ್ಪಷ್ಟ. ಹೊಸಬಳು ಒಂದು ತಿಂಗಳಲ್ಲಿ ತುಟಿ ಓದಲು ಕಲಿಯುತ್ತಿದ್ದಳು. ಯಾರ ಗಂಡ ಹೊಡೆದ, ಯಾರ ಮೊಸರು ಕೆಟ್ಟಿತು, ಯಾವ ಮೇಸ್ತ್ರಿ ಯಾರನ್ನು ನೋಡಿ ನಕ್ಕ, ಎಲ್ಲ ಹೀಗೇ ಗಾಳಿಯಲ್ಲಿ ಓಡಾಡುತ್ತಿತ್ತು.

ಅದಕ್ಕೊಂದು ಕಟ್ಟುಪಾಡಿತ್ತು. ಯಾರೂ ಬರೆದಿಟ್ಟದ್ದಲ್ಲ, ಮೊದಲನೇ ವಾರವೇ ಹಿರಿಯವಳೊಬ್ಬಳು ಹೇಳಿಕೊಡುತ್ತಿದ್ದಳು. ನಿನಗೆ ಆಡಿದ ಮಾತು ನಿನ್ನದು. ಬೇರೆಯವಳಿಗೆ ಆಡಿದ್ದು ಕಣ್ಣಿಗೆ ಬಿದ್ದರೆ ಕಣ್ಣು ತಗ್ಗಿಸು. ಬಿದ್ದೇಬಿಟ್ಟಿತಾ, ಷೆಡ್ಡಿನ ಬಾಗಿಲಾಚೆ ಒಯ್ಯಬೇಡ. ಒಯ್ದವಳಿಗೆ ಶಿಕ್ಷೆಯೂ ಅದೇ ಜಾತಿಯದು: ಅವಳು ನೋಡಿದರೆ ಸಾಕು, ಎಲ್ಲರೂ ಬೆನ್ನು ತಿರುಗಿಸುತ್ತಿದ್ದರು. ನಾನೂರು ಮಗ್ಗದ ಸದ್ದಿನ ನಡುವೆ ಬೆನ್ನು ತಿರುಗಿಸಿದರೆ, ಅವಳ ಪಾಲಿಗೆ ಊರೇ ಮೂಕವಾದ ಹಾಗೆ.

ವಿನಿ ಬಾರ್‌ಕ್ರಾಫ್ಟ್ ಎಡ್ನಾಳ ವಾರಿಗೆಯವಳು, ಶಾಲೆಯಲ್ಲಿ ಒಂದೇ ಬೆಂಚು. ಅವಳ ಅಪ್ಪ ವಾಲ್ಟರ್ ಎಳೆ ತುಂಬುವವನು. ಹೊಸ ಹಾಸು, ಅಂದರೆ ಬಟ್ಟೆಯ ಉದ್ದೆಳೆಗಳ ಸುರುಳಿ, ಮಗ್ಗಕ್ಕೆ ಏರುವ ಮೊದಲು ಅದರ ಎರಡು ಸಾವಿರ ಎಳೆಗಳನ್ನು ಒಂದೊಂದಾಗಿ ಕೊಕ್ಕೆಯಿಂದ ಎಳೆದು ಹಣಿಗೆಯ ಸೀಳುಗಳಲ್ಲಿ ಕೂರಿಸಬೇಕು, ಒಂದು ತಪ್ಪಿದರೆ ಬಟ್ಟೆಯುದ್ದಕ್ಕೂ ಗೆರೆ. ಮಿಲ್ಲಿನಲ್ಲಿ ಅವನಷ್ಟು ನಾಜೂಕಿನ ಕೈ ಇನ್ನೊಂದಿರಲಿಲ್ಲ. ಮನೆಗೆ ಮೂರು ಜನ ಮಿಲ್ಲಿನಲ್ಲಿದ್ದರೆ ಮೇಲುಸಾಲು ಎಂಬುದು ಧಣಿಗಳ ಕಾನೂನು. ವಾಲ್ಟರ್, ವಿನಿ, ಅವಳ ತಮ್ಮ, ಅಲ್ಲಿಗೆ ಮೂರು ಸರಿಹೋಗುತ್ತಿತ್ತು. ಎಡ್ನಾಳ ಮನೆಯಲ್ಲಿ ನಾಲ್ಕು ಜನ ದುಡಿಯುತ್ತಿದ್ದರು. ಆದರೆ ಮೇಲುಸಾಲಿನಲ್ಲಿ ಖಾಲಿ ಮನೆಯಿಲ್ಲ.

ಮೂವತ್ತೊಂದರ ಅಕ್ಟೋಬರಿನಲ್ಲಿ ಒಂದು ದಿನ, ವಿನಿ ತನ್ನ ಪಕ್ಕದ ಮಗ್ಗದ ಮಾರ್ತಾಳಿಗೆ ಏನೋ ಹೇಳುತ್ತಿದ್ದಳು. ಎಡ್ನಾ ಆರು ಮಗ್ಗ ಆಚೆ, ಎದುರಿಗೇ. ಕಣ್ಣು ತಗ್ಗಿಸಲಿಲ್ಲ.

"ಅಪ್ಪನಿಗೆ ಹಣಿಗೆ ಕಾಣ್ತಾ ಇಲ್ಲ ಕಣೇ. ಬೆಳಿಗ್ಗೆ ಐದಕ್ಕೇ ಬಂದು ನಾನೇ ಎಳೆ ತುಂಬಿಕೊಡ್ತೀನಿ. ಮಧ್ಯಾಹ್ನ ಊಟ ಬಿಟ್ಟು ಮತ್ತೆ. ಯಾರಿಗೂ ಹೇಳಬೇಡ."

ಮಾರ್ತಾ ಎದೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಅದನ್ನೂ ಎಡ್ನಾ ನೋಡಿದಳು.

ಶನಿವಾರ ಅರ್ಧ ದಿನದ ಕೆಲಸ. ಎಡ್ನಾ ಕೈಕಾಲು ತೊಳೆದು, ಚಾಪೆಲಿಗೆ ಉಡುವ ಲಂಗ ಉಟ್ಟು, ಗುಡ್ಡ ಹತ್ತಿ ಮ್ಯಾನೇಜರ್ ಹಿಂಡ್ಲ್‌ನ ಮನೆಯ ಹಿಂಬಾಗಿಲಿಗೆ ಹೋದಳು. ಒಣಗಿದ ಮನೆಯೊಂದು ಬೇಕು ಎಂದು ಕೇಳಿದಳು.

"ಮನೆ ಎಲ್ಲಿದೆ ಹುಡುಗಿ? ನಾನೇನು ಹೆರಲಾ?" ಎಂದ ಹಿಂಡ್ಲ್. "ಯಾರಾದ್ರೂ ಬಿಟ್ಟರೆ ನೋಡೋಣ."

"ವಾಲ್ಟರ್ ಬಾರ್‌ಕ್ರಾಫ್ಟ್‌ಗೆ ಕಣ್ಣು ಕಾಣಲ್ಲ ಸಾರ್. ಅವನ ಕೆಲಸ ಮಗಳು ಮಾಡ್ತಾಳೆ."

ಅಷ್ಟೇ. ಎರಡು ವಾಕ್ಯ. ಹಿಂಡ್ಲ್ ಒಳಗೆ ಹೋಗಿ, ಷಾಜೀರಿಗೆ ಹಾಕಿದ ಕೇಕಿನ ದಪ್ಪ ತುಂಡೊಂದನ್ನು ತಂದು ಅವಳ ಕೈಯಲ್ಲಿಟ್ಟ. ಅವಳು ಗುಡ್ಡ ಇಳಿಯುತ್ತಾ ಅದನ್ನು ತಿಂದಳು. ತುಂಬಾ ರುಚಿಯಾಗಿತ್ತು. ಎಸೆದಿದ್ದರೆ, ಗಂಟಲಲ್ಲಿ ಸಿಕ್ಕಿದ್ದರೆ, ಕೊನೆಗೆ ಸಾಲಿಗೆ ಅರ್ಧ ಉಳಿಸಿದ್ದರೂ ಆಮೇಲೆ ಹೇಳಿಕೊಳ್ಳಲು ಒಂದು ಮಾತಿರುತ್ತಿತ್ತು. ಬೆರಳು ಕೂಡ ನೆಕ್ಕಿಕೊಂಡಳು.

ಸೋಮವಾರ ಹಿಂಡ್ಲ್ ಬಂದು, ವಾಲ್ಟರನ ಮುಂದೆ ಹಣಿಗೆ ಇಟ್ಟು, ನನ್ನೆದುರು ತುಂಬು ಎಂದ. ವಾಲ್ಟರ್ ಕೊಕ್ಕೆ ಹಿಡಿದು ಕಾಲು ಗಂಟೆ ತಡಕಾಡಿದ. ಹಿಂಡ್ಲ್ ವಿನಿಯನ್ನು ಹತ್ತಿರ ಬರಗೊಡಲಿಲ್ಲ. ಎರಡು ವಾರದಲ್ಲಿ ಬಾರ್‌ಕ್ರಾಫ್ಟರ ಸಾಮಾನು ಕಲ್ಲಿದ್ದಲಿನ ಗಾಡಿಯ ಮೇಲಿತ್ತು, ಕಣಿವೆಯಾಚೆಯ ಊರಿನಲ್ಲಿ ವಿನಿಯ ಚಿಕ್ಕಮ್ಮನ ಮನೆಗೆ. ಖಾಲಿಯಾದ ಮನೆ ನಾಲ್ಕು ಜನ ದುಡಿಯುವ ಪಿಲ್ಲಿಂಗರ ಸರದಿಗೆ ಬಂತು, ಅದರಲ್ಲಿ ಯಾರಿಗೂ ಅನುಮಾನ ಹುಟ್ಟಲಿಲ್ಲ. ಊರಿನವರೆಲ್ಲ ಸಾಮಾನು ಹೊರಲು ಬಂದರು. ಎಡ್ನಾನೂ ಬಂದಳು. ಪಾತ್ರೆಯ ಬೀರುವಿನ ಒಂದು ತುದಿ ವಿನಿ ಹಿಡಿದಳು, ಇನ್ನೊಂದು ತುದಿ ಅವಳು.

ಹೋಗುವ ಹಿಂದಿನ ದಿನ ವಿನಿ ಷೆಡ್ಡಿನ ನಡುವೆ ನಿಂತು, ಎಲ್ಲರಿಗೂ ಕಾಣುವ ಹಾಗೆ ತುಟಿಯಲ್ಲೇ ಹೇಳಿದ್ದಳು: "ನಾನು ಹೇಳಿದ್ದು ಮಾರ್ತಾಗೆ ಒಬ್ಬಳಿಗೇ."

ಮಾರನೆಯ ದಿನದಿಂದ ಮಾರ್ತಾ ಯಾರ ಕಡೆ ನೋಡಿದರೂ ಬೆನ್ನು. ನಾನಲ್ಲ, ನಾನಲ್ಲ ಎಂದು ಎಷ್ಟು ಸಲ ತುಟಿ ಆಡಿಸಿದಳೋ. ಓದುವವರಿದ್ದರೆ ತಾನೇ? ವಿನಿ ಅವಳ ಪತ್ರಗಳನ್ನು ಒಡೆಯದೆ ವಾಪಸ್ ಕಳಿಸಿದಳು, ಯುದ್ಧದ ವರ್ಷಗಳಲ್ಲಿ ತೀರಿಕೊಂಡಳು. ಮಾರ್ತಾ ಮದುವೆಯಾದಳು, ಡೊರೀನಳನ್ನು ಹೆತ್ತಳು, ಮತ್ತೆ ಅದೇ ಮಗ್ಗಗಳಿಗೆ ಬಂದಳು. ವರ್ಷ ಕಳೆದಂತೆ ಕೆಲವರು ಕರಗಿದರು, ಕೆಲವರು ಕೊನೆಯವರೆಗೂ ಕರಗಲಿಲ್ಲ. ಮಾರ್ತಾ ಷೆಡ್ಡು ಬಿಡುವವರೆಗೆ, ಇಪ್ಪತ್ತೊಂದು ವರ್ಷ, ಒಂದು ದಿನವೂ ತಪ್ಪದೆ ಅವಳಿಗೆ ಮುಖ ಕೊಟ್ಟು ನಿಂತವಳು ಎಡ್ನಾ. ಊರು ಅದನ್ನು ಕಂಡಿತು. ಮೊದಮೊದಲು ಬೈದರು, ಆಮೇಲೆ ಹೊಗಳಿದರು. ಎಡ್ನಾಗೆ ಜ್ವರ ಬಂದಾಗ ಮಾರ್ತಾ ಆಲೂಗೆಡ್ಡೆ ಹೂರಣದ ಕಡುಬು ಮಾಡಿ ತಂದಳು. ಡೊರೀನಳ ನಾಮಕರಣಕ್ಕೆ ಚಾಪೆಲಿನ ಮೊದಲ ಸಾಲಿನಲ್ಲಿ ಕೂರಿಸಿದಳು. ಒಂದೊಂದು ಉಪಕಾರವೂ ಎಡ್ನಾಳ ಮೈಮೇಲೆ ಬಾಸುಂಡೆಯ ಹಾಗೆ ಉಳಿಯಿತು. ಮದುವೆಯ ಮಾತು ಎರಡು ಸಲ ಬಂತು, ಎರಡೂ ಸಲ ಬೇಡವೆಂದಳು. ಮಲಗುವ ಕಡೆ ಇನ್ನೊಬ್ಬರಿದ್ದರೆ ಒಂದಲ್ಲ ಒಂದು ದಿನ ಬಾಯಿ ಬಿಟ್ಟೇನು ಎಂಬ ದಿಗಿಲು.

ತನಗೆ ತಾನು ಹೇಳಿಕೊಳ್ಳಲು ಒಂದು ಉತ್ತರವಂತೂ ಇತ್ತು: ಸಾಲಿ. ಸಾಲಿಯ ಕೆಮ್ಮು ಆ ಚಳಿಗಾಲವೇ ಕಡಿಮೆಯಾಯಿತು. ಅವಳು ಮದುವೆಯಾಗಿ, ಈಗ ಸಮುದ್ರದಂಡೆಯ ಊರಿನಲ್ಲಿ ಮೊಮ್ಮಕ್ಕಳ ಜೊತೆ ಗುಂಡುಕಲ್ಲಿನ ಹಾಗಿದ್ದಾಳೆ. ಒಂದು ಜೀವ ಉಳಿಸಲು ಮಾಡಿದ್ದು ಎಂದು ಎಡ್ನಾ ಐವತ್ತಮೂರು ವರ್ಷ ಪ್ರಾರ್ಥನೆಯಲ್ಲಿ ದೇವರಿಗೂ ಹೇಳಿದ್ದಳು.

ಡೊರೀನ್ ಬಂದುಹೋದ ಮಂಗಳವಾರ ರಾತ್ರಿ ಅವಳು ಕೂತು ಲೆಕ್ಕ ಹಾಕಿದಳು. ಪುಸ್ತಕ ಗುರುವಾರ ಅಚ್ಚಿಗೆ ಹೋಗುತ್ತದೆ. ಹೋದರೆ ಮೊದಲ ಪುಟದಲ್ಲಿ ಅವಳ ಹೆಸರು, ಮಾರ್ತಾಳ ಹೆಸರಿಗೆ ಅಂಟಿದ ಮಸಿ ಹಾಗೇ. ಸುಮ್ಮನಿದ್ದರೆ ಆಯಿತು, ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಅದನ್ನು ನೆನೆದಾಗಲೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು. ಬುಧವಾರ ಮಕ್ಕಳು ಮನೆಗೆ ಹೋಗುವ ಹೊತ್ತಿಗೆ ಕೋಟು ಹಾಕಿಕೊಂಡು ಶಾಲೆಗೆ ಹೋದಳು.

ಡೊರೀನ್ ಕರಿಹಲಗೆ ಒರೆಸುತ್ತಿದ್ದಳು. ಕೂರಲು ಇದ್ದದ್ದೆಲ್ಲ ಮಕ್ಕಳ ಕುರ್ಚಿ. ಎಡ್ನಾ ಒಂದರಲ್ಲಿ ಕೂತಳು, ಮೊಣಕಾಲು ಎದೆಗೇ ಬಂತು.

"ಮೊದಲನೇ ಪುಟದಿಂದ ನನ್ನ ಹೆಸರು ತೆಗೆದುಬಿಡು ಮಗಾ."

"ಅಯ್ಯೋ, ಶುರುವಾಯ್ತಾ ನಿಮ್ಮ ಸಂಕೋಚ!" ಡೊರೀನ್ ನಕ್ಕಳು. "ಹೀಗಂತೀರಿ ಅಂತ ಗೊತ್ತಿತ್ತು. ಅಮ್ಮ ಹೇಳ್ತಿದ್ಲು, ಎಡ್ನಾಗೆ ಹೊಗಳಿದ್ರೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತೆ ಅಂತ."

"ಸಂಕೋಚ ಅಲ್ಲ." ಎಡ್ನಾ ನೆಲ ನೋಡಿದಳು. ನೆಲ ನೋಡಿಕೊಂಡು ಹೇಳಿದರೆ ಮಾರ್ತಾಗೆ ಮತ್ತೊಮ್ಮೆ ಮೋಸವಾದಂತೆ ಅನ್ನಿಸಿ ತಲೆ ಎತ್ತಿದಳು. "ಹಿಂಡ್ಲ್‌ಗೆ ಹೇಳಿದ್ದು ನಾನು. ನಿನ್ನಮ್ಮ ಅಲ್ಲ. ವಿನಿ ಅವಳಿಗೆ ಹೇಳೋದನ್ನ ನಾನು ಓದಿದೆ. ಓದಿ, ಹೋಗಿ ಹೇಳಿದೆ."

ಡೊರೀನಳ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ನಿಂತಿತು. ಬೈಯುತ್ತಾಳೆ, ಹೊರಗೆ ಹೋಗು ಎನ್ನುತ್ತಾಳೆ ಎಂದು ಎಡ್ನಾ ಕಾದಳು. ಬೈದರೆ ಸಾಕು ಎಂದು ಒಳಗೊಳಗೇ ಬೇಡುತ್ತಿದ್ದಳು. ಡೊರೀನ್ ಕೈ ತೊಳೆದು ಬಂದು, ಇನ್ನೊಂದು ಪುಟ್ಟ ಕುರ್ಚಿ ಎಳೆದು ಎದುರಿಗೆ ಕೂತಳು. ನೋಟುಪುಸ್ತಕ ತೆರೆದಳು.

"ಮೊದಲಿಂದ ಹೇಳಿ. ನಿಧಾನವಾಗಿ. ಯಾವ ದಿನ, ಎಷ್ಟು ಹೊತ್ತಿಗೆ, ಏನಂದಿರಿ. ಅದೇ ಮಾತಲ್ಲಿ."

ಎಡ್ನಾ ಹೇಳಿದಳು. ಎಷ್ಟು ಮಗ್ಗ ಆಚೆ ನಿಂತಿದ್ದಳು, ಮಾರ್ತಾ ಹೇಗೆ ಎದೆಯ ಮೇಲೆ ಕೈಯಿಟ್ಟಳು, ಹಿಂಬಾಗಿಲು, ಎರಡು ವಾಕ್ಯ, ಕೇಕು. ಕೇಕಿನ ವಿಷಯ ಬಂದಾಗ ಡೊರೀನ್ ಒಮ್ಮೆ ತಲೆಯೆತ್ತಿ ನೋಡಿದಳು.

"ತಿಂದ್ರಾ?"

"ತಿಂದೆ."

"ಯಾಕೆ ಹೇಳಿದ್ರಿ ಆಂಟಿ, ಹಿಂಡ್ಲ್‌ಗೆ?"

"ಸಾಲಿಗೆ ಕೆಮ್ಮಿತ್ತಲ್ಲ. ಕೆಳಮನೆ ಬೆವರ್ತಿತ್ತು. ಒಣಗಿದ ಮನೆ ಬೇಕಿತ್ತು." ಐವತ್ತಮೂರು ವರ್ಷ ಹೇಳಿ ಹೇಳಿ ಸವೆದ ಮಾತು, ತಾನಾಗಿಯೇ ಬಂತು.

ಡೊರೀನ್ ಬರೆದು ಮುಗಿಸಿ, ಮಕ್ಕಳಿಗೆ ಪಾಠ ಓದುವ ದನಿಯಲ್ಲಿ ಎಲ್ಲವನ್ನೂ ಓದಿ ಹೇಳಿದಳು. ಕೊನೆಯ ಸಾಲಿಗೆ ಬಂದಾಗ ಅವಳ ದನಿ ಸ್ವಲ್ಪ ಮೆತ್ತಗಾಯಿತು. "ತಂಗಿಯ ಎದೆಯ ಕಾಯಿಲೆಯಿಂದ ಕಂಗಾಲಾಗಿ, ಇಪ್ಪತ್ತು ವರ್ಷದ ಎಡ್ನಾ ಈ ಕೆಲಸಕ್ಕೆ ಕೈ ಹಾಕಿದಳು. ಸರೀನಾ?"

ಕೇಳಲು ಚೆನ್ನಾಗಿತ್ತು. ಕಲ್ಲಿನ ಮೇಲೆ ಕೆತ್ತಿಸಬಹುದಾದಷ್ಟು ಚೆನ್ನಾಗಿತ್ತು. ಇಷ್ಟು ವರ್ಷ ತನ್ನ ತಲೆಯೊಳಗೆ ಮಾತ್ರ ಇದ್ದ ಆ ಮಾತು ಬೇರೆಯವರ ಬಾಯಲ್ಲಿ, ಅದೂ ಮಾರ್ತಾಳ ಮಗಳ ಬಾಯಲ್ಲಿ ಬಂದಾಗ ಎಡ್ನಾಗೆ ತಡೆಯಲಾಗಲಿಲ್ಲ.

"ಅದನ್ನ ಹೊಡೆದು ಹಾಕು."

"ಯಾಕೆ? ಸಾಲಿ ಆಂಟಿಗೆ ಕೆಮ್ಮು ಇರಲಿಲ್ವಾ?"

"ಇತ್ತು. ಆದ್ರೆ ಒಂಬತ್ತನೇ ಮನೆಗೆ ಬಂದ ಮೇಲೆ ಮುಂದಿನ ಕೋಣೆ ನಾನು ತಗೊಂಡೆ ಕಣೇ. ಬಿಸಿಲು ಬೀಳೋದು ಅದಕ್ಕೊಂದಕ್ಕೇ. ಸಾಲೀನ ಹಿಂದಿನ ಕೋಣೇಲಿ ಮಲಗಿಸಿದ್ವಿ. ಅವಳು ಅಲ್ಲೇ ವಾಸಿಯಾದ್ಲು, ಅದು ಅವಳ ಪುಣ್ಯ." ಎಡ್ನಾ ಅಲ್ಲಿಗೇ ನಿಲ್ಲಿಸಲಿಲ್ಲ. "ಭಾನುವಾರ ವಿನಿ ಆ ಮುಂದಿನ ಕೋಣೆ ಕಿಟಕೀಲಿ ಕೂತು ತಲೆ ಒಣಗಿಸಿಕೊಳ್ತಿದ್ಲು. ನಾನು ಕೆಳಗಿನ ಸಾಲಿಂದ ನೋಡ್ತಿದ್ದೆ. ನಂಗೆ ಆ ಕಿಟಕಿ ಬೇಕಿತ್ತು. ಅಷ್ಟೇ. ಅದನ್ನ ಬರಿ."

ಡೊರೀನ್ ಆ ವಾಕ್ಯದ ಮೇಲೆ ಗೆರೆ ಎಳೆದಳು. ಅದರ ಕೆಳಗೆ ಬರೆದಳು. ಹೊರಗೆ ಶಾಲೆಯ ಅಂಗಳ ಗುಡಿಸುವ ಸದ್ದು ಕೇಳುತ್ತಿತ್ತು. ಅವಳು ಪೆನ್ಸಿಲನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಮಾತಾಡಿದಾಗ ಅದು ಟೀಚರಿನ ದನಿಯಾಗಿರಲಿಲ್ಲ.

"ಅಮ್ಮನಿಗೆ ಮುಖ ಕೊಟ್ಟಿರಲ್ಲ, ಇಪ್ಪತ್ತೊಂದು ವರ್ಷ. ಅದಾದ್ರೂ… ಅವಳ ಮೇಲೆ ಪಾಪ ಅನ್ನಿಸಿ ತಾನೇ? ಅವಳು ಅದನ್ನ ನೆನೆಸಿಕೊಂಡೇ ಬದುಕಿದ್ಲು ಆಂಟಿ."

ಹೂಂ ಎಂದುಬಿಡಬಹುದಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ, ಕಡೆಕಡೆಯ ವರ್ಷಗಳಲ್ಲಿ ಎಡ್ನಾ ಮಾರ್ತಾಳನ್ನು ನಿಜಕ್ಕೂ ಪ್ರೀತಿಸಿದ್ದಳು. ಎದುರಿಗೆ ಕೂತವಳು ಅದೊಂದು ಮಾತಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಳು. ಎಡ್ನಾಗೆ ತನ್ನ ಬಗ್ಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

"ಇಲ್ಲ ಮಗಾ," ಎಂದಳು. "ಅವಳ ತುಟಿ ಕಾಯ್ತಿದ್ದೆ. ಹೊಸ ಹುಡುಗೀರ ಹತ್ರ ಮಾತಾಡ್ತಿದ್ಲಲ್ಲ, ಆವಾಗ ಚಾಡಿ ನನ್ನದಿರಬಹುದು ಅಂತ ನನ್ನ ಹೆಸರು ಎತ್ತುತ್ತಾಳಾ ಅಂತ. ಅದಕ್ಕೇ ಬೆನ್ನು ತಿರುಗಿಸಲಿಲ್ಲ."

ಡೊರೀನ್ ನೋಟುಪುಸ್ತಕದ ಹೊಸ ಹಾಳೆ ತಿರುಗಿಸಿದಳು. ಆಮೇಲೆ ಅದನ್ನೂ ಬರೆದುಕೊಂಡಳು.